ಏಳು ತೇಪೆಯ ಅಂಗಿ

ನಿಂತೇ ಇದ್ದೀರಲ್ಲ, ಕೂತುಕೊಳ್ಳಿ. ಈ ಕಲ್ಲುಕಟ್ಟೆಯ ಮೇಲೆ ನನ್ನ ಪಕ್ಕ ಕೂತರೆ ನಿಮಗೇನೂ ಆಗುವುದಿಲ್ಲ, ನೀವು ಹೊರಗಿನವರು. ಈ ಊರಿನ ಕಟ್ಟಳೆ ಊರಿನವರಿಗೆ ಮಾತ್ರ. ನನ್ನ ಅಂಗಿ ನೋಡಿ ಮುಖ ಕಿವುಚಬೇಡಿ. ಏಳು ಕಡೆ ಹರಿದಿತ್ತು, ಆರು ಕಡೆ ತೇಪೆ ಬಿದ್ದಿದೆ, ಎದೆಯ ಮೇಲಿನದೊಂದು ಉಳಿದಿದೆ. ನಾಳೆ ಸಂತೆ. ನಾಳೆ ಮಧ್ಯಾಹ್ನ ಅದನ್ನೂ ಹೊಲಿದುಬಿಡುತ್ತಾರೆ. ಹೊಲಿದ ಮೇಲೆ ನಾನು ಬಾಯಿ ಬಿಡುವಂತಿಲ್ಲ, ಅದಕ್ಕೇ ಈಗಲೇ ಹೇಳಿ ಮುಗಿಸುತ್ತೇನೆ. ಕೇಳುವುದಾದರೆ ಕೇಳಿ, ಇಲ್ಲವಾದರೆ ಎದ್ದು ನಡೆಯಿರಿ, ನನಗೇನೂ ಬೇಜಾರಿಲ್ಲ.

ಬರುವಾಗ ನೋಡಿರಬೇಕು, ಬೀದಿಯೆಲ್ಲ ಒದ್ದೆ. ಮಳೆ ಬಂದಿಲ್ಲ. ಯಾಕೆ ಒದ್ದೆ ಅಂತ ಕೇಳಬೇಡಿ, ಆ ಮಾತು ತಾನಾಗಿ ಬರುತ್ತದೆ.

ಈ ಊರಿನಲ್ಲಿ ಯಾರಲ್ಲಿ ಕುಂದು ಕಂಡರೂ ಅವರಿಗೆ ಶಿಕ್ಷೆಯಿಲ್ಲ. ಬಯ್ಯುವುದಿಲ್ಲ, ಕಟ್ಟಿಹಾಕುವುದಿಲ್ಲ, ಊರು ಬಿಡಿಸುವುದಿಲ್ಲ. ಅವರ ಮೇಲೆ ಒಂದು ಆಟ ಬರೆಯುತ್ತಾರೆ. ಏಳು ಸಂತೆಗೆ ಏಳು ದೃಶ್ಯ. ಕುಂದಿನವರು ಹರಕು ಅಂಗಿ ತೊಟ್ಟು, ಈ ಕಟ್ಟೆಯ ಮೇಲೆ, ಆ ಬಿಳಿ ಗೋಡೆಯ ಮುಂದೆ, ತಮ್ಮ ಬಾಳನ್ನೇ ಆಡಿ ತೋರಿಸಬೇಕು. ಒಂದು ದೃಶ್ಯ ಮುಗಿದರೆ ಒಂದು ಹರಕಿಗೆ ತೇಪೆ. ತೇಪೆ ಹಾಕುವವರು ಆ ಕುಂದಿನಿಂದ ನೊಂದವರು. ಏಳನೆಯದು ಬಿತ್ತೋ, ಆ ಮನುಷ್ಯ ಬದಲಾದ. ಅಲ್ಲಿಂದಾಚೆ ಅವನ ಹಳೆಯ ಕುಂದನ್ನು ಯಾರೂ ಎತ್ತಿ ಆಡುವಂತಿಲ್ಲ. ಹೆಂಡತಿಯಾದರೂ ಸರಿ, ಹೆತ್ತವಳಾದರೂ ಸರಿ. ಆಡಿದರೆ ಅದು ಆಡಿದವರ ಕುಂದು, ಅಂಗಿ ಅವರ ಮೈಗೆ ಬರುತ್ತದೆ.

ಏಳು ಸಂತೆ, ಏಳು ಹರಕು, ಏಳು ತೇಪೆ. ನಮ್ಮೂರಿನ ಮಕ್ಕಳು ಎಣಿಕೆ ಕಲಿಯುವುದೇ ಹೀಗೆ.

ಊರಿಗೆಲ್ಲ ಅಂಗಿ ಒಂದೇ. ಅದನ್ನು ಕಾಯುವವಳು ಅಂಗಿಯಜ್ಜಿ. ಅವಳ ಮಾತೇ ಕೊನೆ ಮಾತು. ಆಟ ಬರೆಯುವವನು ನಾನು. ಬರೆಯುವವನಾಗಿದ್ದೆ ಅನ್ನಬೇಕು, ನಾಲಿಗೆಗೆ ಇನ್ನೂ ರೂಢಿಯಾಗಿಲ್ಲ. ಮೂವತ್ತು ವರ್ಷ ಬರೆದೆ. ಹೊಟ್ಟೆಕಿಚ್ಚಿನ ಅಣ್ಣ, ಹಾಲಿಗೆ ನೀರು ಬೆರೆಸುವವಳು, ಮಲಗಿದಲ್ಲಿಂದ ಏಳದ ಸೋಮಾರಿ, ಬಾಯಿಬಡುಕಿ, ಎಲ್ಲರನ್ನೂ ಏಳೇ ಸಂತೆಯಲ್ಲಿ ಬದಲಾಯಿಸಿದೆ. ನನ್ನಷ್ಟು ಚೆನ್ನಾಗಿ ಬದಲಾಯಿಸುವವರು ಇರಲಿಲ್ಲ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ಅದಕ್ಕೊಂದು ಕಸುಬು ಇದೆ ಸ್ವಾಮಿ. ಮೊದಲ ದೃಶ್ಯದಲ್ಲೇ ಕೆಟ್ಟವನನ್ನು ಕೆಟ್ಟವನೆಂದು ತೋರಿಸಿದಿರೋ, ಜನ ಎದ್ದು ಬದನೆಕಾಯಿ ಕೊಳ್ಳಲು ಹೋಗುತ್ತಾರೆ. ಮೊದಲು ಅವನ ಕೈಯಿಂದ ಒಂದು ಒಳ್ಳೆಯ ಕೆಲಸ ಮಾಡಿಸಬೇಕು, ಚಿಕ್ಕದು, ಮನೆಯೊಳಗಿನದು. ಎರಡರಲ್ಲಿ ಕುಂದು ತೋರಿಸಿ. ಮೂರರಲ್ಲಿ ಆ ಕುಂದಿಗೊಂದು ಬೇರು ಕೊಡಿ, ಚಿಕ್ಕಂದಿನಲ್ಲಿ ಅವನಪ್ಪ ಅವನನ್ನು ಸೌದೆ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಿದ್ದ ಅನ್ನುವಂಥದ್ದು. ನಾಲ್ಕರಲ್ಲಿ ಸರಿಹೋಗಲು ನೋಡಿ ಜಾರಲಿ. ಜಾರದೆ ನೆಟ್ಟಗೆ ನಡೆದವನನ್ನು ಯಾರೂ ನಂಬುವುದಿಲ್ಲ. ಐದರಲ್ಲಿ ಏನಾದರೂ ಕಳೆದುಕೊಳ್ಳಲಿ, ಮತ್ತೆ ಸಿಗದಂಥದ್ದು. ಆರರಲ್ಲಿ ಮಾತೇ ಬೇಡ, ಸುಮ್ಮನೆ ಕೂತಿರಲಿ. ಏಳರಲ್ಲಿ ಮೊದಲ ದೃಶ್ಯದ ಆ ಚಿಕ್ಕ ಕೆಲಸವನ್ನೇ ಮತ್ತೆ ಮಾಡಲಿ. ಆಗ ನೋಡಿ, ತರಕಾರಿಯವಳು ತಕ್ಕಡಿ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ.

ಇದನ್ನೆಲ್ಲ ನನ್ನ ಶಿಷ್ಯನಿಗೆ ಕಲಿಸಿದ್ದೇನೆ. ಅವನಿಗೂ ಈಗ ಗಡ್ಡ ನರೆತಿದೆ, ಈಗ ನನ್ನ ಆಟ ಬರೆಯುತ್ತಿರುವವನು ಅವನೇ. ಅದು ಆಮೇಲೆ.

ಸಂತೆಯಲ್ಲಿ ಒಬ್ಬ ತಕ್ಕಡಿಯವನು ಇದ್ದಾನೆ. ಊರಿನ ದೊಡ್ಡ ತೂಕವೆಲ್ಲ ಅವನ ಕೈಯಲ್ಲೇ. ಬತ್ತವಾಗಲಿ ಬೆಲ್ಲವಾಗಲಿ, ಅವನು ಹಿಡಿದ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅಂಥ ಕೈ. ಅವನ ಹೆಂಡತಿ ಮಡಕೆ ನೋಡುವವಳು. ಹೊಸ ಮಡಕೆ ಬಂದರೆ ಹೆಂಗಸರೆಲ್ಲ ಬಾವಿಕಟ್ಟೆಯ ಹತ್ತಿರ ಅವಳ ಮುಂದೆ ತಂದಿಡುತ್ತಾರೆ. ಅವಳು ಬೆರಳ ಗೆಣ್ಣಿನಿಂದ ಮೂರು ಸಲ ಕುಟ್ಟಿ, ಕಿವಿಗೊಟ್ಟು, "ಚೆನ್ನಾಗಿದೆ, ತಗೊಂಡು ಹೋಗಿ" ಅನ್ನುತ್ತಾಳೆ. ಇಲ್ಲವಾದರೆ ಪಕ್ಕಕ್ಕೆ ತಳ್ಳುತ್ತಾಳೆ. ಕಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಕೇಳುತ್ತಿತ್ತು. ಅವಳು ಸರಿ ಅಂದ ಮಡಕೆ ಸೋರಿದ್ದನ್ನು ಈ ಊರು ಕಂಡಿರಲಿಲ್ಲ.

ಆ ತೂಕದ ಕೈ ಮನೆಯೊಳಗೆ ಅವಳ ಮೇಲೆ ಏಳುತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಒಂದು ದಿನ ಅವಳು ಮಡಕೆ ಕುಟ್ಟಿ ಎಡಗಿವಿ ಕೊಟ್ಟಳು, ಮುಖ ಗಂಟಿಕ್ಕಿದಳು, ಆಮೇಲೆ ತಲೆ ತಿರುಗಿಸಿ ಬಲಗಿವಿ ಕೊಟ್ಟಳು. ಎಡಗಿವಿ ಹೋಗಿತ್ತು. ಅಂಗಿಯಜ್ಜಿ ಅದನ್ನು ನೋಡಿದಳು. ಮರುದಿನವೇ ಪೆಟ್ಟಿಗೆ ತೆಗೆದು ಅಂಗಿಯನ್ನು ತಕ್ಕಡಿಯವನ ಹೆಗಲ ಮೇಲೆ ಹಾಕಿ ನನಗೆ ಹೇಳಿಕಳಿಸಿದಳು, "ಬರೆಯಪ್ಪಾ."

ಬರೆಯುವ ಮುಂಚೆ ನಾನು ಹೆಂಡತಿಯನ್ನು ಕರೆಸಿ ಕೇಳಿದೆ, "ತಾಯಿ, ಅವನಲ್ಲಿ ಒಳ್ಳೇದು ಏನಿದೆ ಹೇಳು."

ಅವಳು ತುಂಬ ಹೊತ್ತು ಯೋಚನೆ ಮಾಡಿದಳು. "ನಂಗೆ ಜ್ವರ ಬಂದ್ರೆ ನೀರು ಕಾಯಿಸಿಕೊಡ್ತಾರೆ ಅಯ್ಯಾ. ಮೊದ್ಲು ತಮ್ಮ ಮೊಣಕೈ ಅದ್ದಿ ನೋಡ್ತಾರೆ, ಸುಡತ್ತೋ ಏನೋ ಅಂತ."

ಮೊಣಕೈ! ನನ್ನ ಮೈ ಜುಮ್ಮೆಂದಿತು. ಅಷ್ಟು ಸಾಕು ಸ್ವಾಮಿ, ಅಂಥದ್ದೊಂದು ಸಿಕ್ಕರೆ ಆಟ ತಾನೇ ನಡೆಯುತ್ತದೆ. ನಾನು ಆಗಲೇ ಮನಸ್ಸಿನಲ್ಲಿ ಒಲೆ, ಹಂಡೆ, ಹೊಗೆ ಎಲ್ಲ ಹೂಡುತ್ತಿದ್ದೆ. ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು.

"ಅವರು ನಿಜಕ್ಕೂ ಬದಲಾಗ್ತಾರಾ ಅಯ್ಯಾ?"

"ಏಳನೇ ದೃಶ್ಯ ನನ್ನ ಕೈಲಿದೆ ತಾಯಿ. ಧೈರ್ಯವಾಗಿ ಹೋಗು."

ಅವಳು ಕೈ ಮುಗಿದಳು. ಈ ಊರಿನಲ್ಲಿ ನನಗೆ ಕೈ ಮುಗಿಯದವರು ಆಗ ಯಾರಿದ್ದರು?

ಮೊದಲ ಸಂತೆಯಲ್ಲಿ ಅವನು ಇಲ್ಲಿ, ಈ ಗೋಡೆಯ ಮುಂದೆ, ನೀರು ಕಾಯಿಸಿದ. ಮೊಣಕೈ ಅದ್ದಿದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯದರಲ್ಲಿ ಕೈ ಎತ್ತಿದ. ಮೂರನೆಯದರಲ್ಲಿ ಅವನಪ್ಪ, ನಾಲ್ಕನೆಯದರಲ್ಲಿ ಜಾರಿದ್ದು. ಐದಕ್ಕೆ ಏನಾದರೂ ಕಳೆಯಬೇಕಲ್ಲ. ಅವಳ ಕಿವಿ ಹೇಗೂ ಹೋಗಿತ್ತು, ಅದನ್ನೇ ಇಟ್ಟೆ. ಅವನು ಅವಳ ಎಡಕ್ಕೆ ಕೂತು, ಬಾಗಿ, ಮೆಲ್ಲನೆ "ತಪ್ಪಾಯಿತು" ಅನ್ನಬೇಕು. ಅವಳು ತಿರುಗಬಾರದು. ಆಗ ಅವನಿಗೆ ತಾನೇನು ಮಾಡಿದೆ ಅಂತ ಅರಿವಾಗಬೇಕು.

ತಾಲೀಮಿನಲ್ಲಿ ಅವಳು ಕೇಳಿದಳು, "ನಂಗೇನೂ ಮಾತಿಲ್ವಾ ಅಯ್ಯಾ?"

"ನಿನಗೆ ಮಾತು ಬೇಡ ತಾಯಿ. ಕುಂದಿರೋದು ಅವನಲ್ಲಿ, ಬದಲಾಗೋನು ಅವನು. ನೀನು ಸುಮ್ಮನೆ ನಿಂತರೇ ಜನ ಅಳ್ತಾರೆ."

ಅತ್ತರು. ಅಯ್ಯೋ, ಎಷ್ಟು ಅತ್ತರು! ಆ ಸಂತೆಯಲ್ಲಿ ವ್ಯಾಪಾರವೇ ನಡೆಯಲಿಲ್ಲ. ನಾನು ಆ ಗೋಡೆಯ ಮೂಲೆಯಲ್ಲಿ ನಿಂತು ಜನರ ಮುಖ ನೋಡುತ್ತಿದ್ದೆ. ಅವಳ ಮುಖವನ್ನು ನೋಡಲಿಲ್ಲ, ನಿಜ ಹೇಳುತ್ತೇನೆ.

ಏಳನೆಯ ದೃಶ್ಯ ನಾನು ಬರೆದುದರಲ್ಲೆಲ್ಲ ಮೇಲು. ಅವನು ಮತ್ತೆ ನೀರು ಕಾಯಿಸಿ, ಮೊಣಕೈ ಅದ್ದಿ, ಅವಳ ಕೈ ಮೇಲೆ ಹೊಯ್ಯುತ್ತಾನೆ. ಹೊಯ್ಯುತ್ತಾ ಹೇಳುತ್ತಾನೆ: "ಇದು ತೂಕ ಹಿಡಿಯೋ ಕೈ. ಇಷ್ಟು ದಿನ ಮನೇಲಿ ಇದರ ಮುಳ್ಳು ಒಂದೇ ಕಡೆ ವಾಲಿತ್ತು." ಇಲ್ಲಿ ಸ್ವಲ್ಪ ಸುಮ್ಮನಿರಬೇಕು. ನೀರಿನ ಸದ್ದು ಮಾತ್ರ. ಆಮೇಲೆ, "ಇವತ್ತು ನಡುವಿಗೆ ಬಂತು." ಆ ಸುಮ್ಮನಿರುವುದನ್ನು ಕಲಿಸಲು ಎರಡು ದಿನ ಬೇಕಾಯಿತು. ಆದರೆ ಕಲಿತ, ಚೆನ್ನಾಗಿ ಕಲಿತ.

ಏಳೂ ತೇಪೆಯನ್ನು ಹೊಲಿದವಳು ಅವಳೇ, ನೊಂದವಳು ಅವಳಲ್ಲವೇ. ಏಳನೆಯದನ್ನು ಎದೆಯ ಮೇಲೆ ಹೊಲಿದು ಮುಗಿಸಿದಾಗ ದಾರವನ್ನು ಗಂಟಿನ ಹತ್ತಿರ ಕಡಿಯಲಿಲ್ಲ. ಒಂದು ಗೇಣು ಉದ್ದ ಬಿಟ್ಟಳು. ಅವಸರದಲ್ಲಿ ಮರೆತಳು ಅಂದುಕೊಂಡೆ. ಜನ ಅವನನ್ನು ಎತ್ತಿ ಕುಣಿಸುತ್ತಿದ್ದರು.

ಒಂದು ವಿಷಯ ಹೇಳುವುದು ಬಿಟ್ಟಿದ್ದೆ. ಆಟ ಮುಗಿದ ಮೇಲೆ ಮೂರು ಸಂತೆ ಕಳೆಯುವವರೆಗೆ ಅಂಗಿ ಬರೆಯುವವನ ಮನೆಯಲ್ಲಿ ಗೂಟಕ್ಕೆ ನೇತಾಡುತ್ತದೆ. ಬದಲಾದವನು ಬದಲಾಗಿಲ್ಲ ಅಂತ ಬರೆಯುವವನಿಗೆ ಅನ್ನಿಸಿದರೆ, ಅವನು, ಅವನೊಬ್ಬನೇ, ಸಂತೆಯ ನಡುವೆ ನಿಂತು ಏಳನೆಯ ತೇಪೆಯ ದಾರ ಎಳೆಯಬಹುದು. ಎಳೆದರೆ ಆಟ ಸುಳ್ಳಾಯಿತು. ಕುಂದಿನವನನ್ನು ಮನೆಯಿಂದ ಬೇರೆ ಇಡುತ್ತಾರೆ, ನೊಂದವರಿಗೆ ಮನೆ ಉಳಿಯುತ್ತದೆ. ಸುಳ್ಳು ಆಟ ಬರೆದವನು ಮಾತ್ರ ತಾನೇ ಅಂಗಿ ತೊಡಬೇಕು. ಮೂರನೆಯ ಸಂತೆ ದಾಟಿದರೆ ಅಜ್ಜಿ ಬಂದು ಅಂಗಿ ಒಯ್ದು, ತೇಪೆ ಬಿಚ್ಚಿ, ಒಗೆದು, ಪೆಟ್ಟಿಗೆಗೆ ಹಾಕುತ್ತಾಳೆ. ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷದಲ್ಲಿ ನಾನು ಒಂದು ದಾರವನ್ನೂ ಎಳೆದವನಲ್ಲ.

ಆಟ ಮುಗಿದ ಮೇಲಿನ ಮೊದಲನೆಯ ಸಂತೆಯಲ್ಲಿ ಅವಳ ಕೆನ್ನೆ ಊದಿತ್ತು. ನಾನು ಬೇರೆ ಕಡೆ ನೋಡಿದೆ. ಹಲ್ಲುನೋವಿರಬೇಕು ಅಂದುಕೊಂಡೆ. ಹಲ್ಲುನೋವಲ್ಲ ಅಂತ ಗೊತ್ತಿತ್ತು, ಆದರೂ ಹಾಗಂದುಕೊಂಡೆ.

ಎರಡನೆಯ ಸಂತೆ ಕಳೆದು ನಾಲ್ಕು ದಿನಕ್ಕೆ ಅವಳು ನನ್ನ ಮನೆಗೆ ಬಂದಳು. ಒಳಗೆ ಬಂದು ಬಾಗಿಲು ಮುಂದೆ ಮಾಡಿ, ಗೂಟಕ್ಕೆ ನೇತಾಡುತ್ತಿದ್ದ ಅಂಗಿಯನ್ನು ನೋಡಿದಳು.

"ಅಯ್ಯಾ, ಎಂಟನೇ ದೃಶ್ಯ ಬರೀರಿ."

"ಎಂಟನೇದು ಅಂತ ಇಲ್ಲ ತಾಯಿ. ಏಳಕ್ಕೆ ಮುಗೀತು."

"ಮುಗೀಲಿಲ್ಲ. ಮನೇಲಿ ನಡೀತಿದೆಯಲ್ಲ."

"ಶ್!" ಅಂದೆ. "ಏನು ಮಾತಾಡ್ತಿದ್ದೀಯಾ? ಯಾರಾದ್ರೂ ಕೇಳಿಸ್ಕೊಂಡ್ರೆ ಅಂಗಿ ನಿನ್ನ ಮೈಗೆ ಬರತ್ತೆ."

"ನಾನೇನೂ ಹೇಳಿಲ್ಲ. ದೃಶ್ಯ ಬರೀರಿ ಅಂದೆ, ಅಷ್ಟೇ." ಅವಳು ಬಲಗಿವಿಯ ಮೇಲೆ ಕೈ ಇಟ್ಟುಕೊಂಡಳು. "ಒಂದು ಕಿವಿ ಉಳಿದಿದೆ ಅಯ್ಯಾ. ಇದೂ ಹೋದ್ರೆ ಮಡಕೆ ಹೆಂಗೆ ನೋಡ್ಲಿ? ನಂಗೆ ಬರೋ ಕೆಲಸ ಅದೊಂದೇ. ನಿಮಗೆ ಎಳೆಯೋಕೆ ಕಷ್ಟ ಆಗ್ಬಾರ್ದು ಅಂತ ದಾರ ಉದ್ದ ಬಿಟ್ಟಿದ್ದೀನಿ."

ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಏಳನೆಯ ತೇಪೆ ಹೊಲಿಯುತ್ತಿದ್ದಾಗಲೇ, ಊರೆಲ್ಲ ಅಳುತ್ತಿದ್ದಾಗಲೇ, ಇವಳು ನನ್ನ ದೃಶ್ಯವನ್ನು ನಂಬಿರಲಿಲ್ಲವಲ್ಲ! ಆ ಸಿಟ್ಟು. ಅವಳ ಕಿವಿಯ ಯೋಚನೆ ಆಮೇಲೆ ಬಂದದ್ದು.

"ನೋಡೋಣ ತಾಯಿ" ಅಂದೆ. ಅವಳು ಹೋದಳು.

ಎರಡು ದಿನ ಅಂಗಿಯನ್ನು ನೋಡುತ್ತಾ ಕೂತೆ. ದಾರ ನೇತಾಡುತ್ತಿತ್ತು. ಸಂತೆಯಲ್ಲಿ ಚಿಲ್ಲರೆ ವ್ಯಾಪಾರಿಗಳು ಕೂಡ ನನ್ನ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದರು. ಈರುಳ್ಳಿ ತೂಗುತ್ತಾ "ಇವತ್ತು ನಡುವಿಗೆ ಬಂತು" ಅನ್ನುತ್ತಿದ್ದರು, ಆ ನಿಲುಗಡೆಯ ಸಮೇತ. ಅಂಥ ದೃಶ್ಯವನ್ನು ನಾನೇ ಕೈಯಾರೆ ಹೇಗೆ ಹರಿಯಲಿ ಹೇಳಿ? ಎಳೆಯಬೇಕಾದರೆ ಗಟ್ಟಿಯಾಗಿ ತಿಳಿದುಕೊಂಡು ಎಳೆಯಬೇಕು, ಒಬ್ಬರ ಮಾತು ಕೇಳಿಕೊಂಡಲ್ಲ. ಹೀಗಂತ ನನಗೆ ನಾನೇ ನ್ಯಾಯ ಹೇಳಿಕೊಂಡು, ಮೂರನೆಯ ಸಂತೆಯ ಹಿಂದಿನ ದಿನ ತಕ್ಕಡಿಯವನ ಮನೆಗೆ ಹೋದೆ.

ಅವನು ಎದ್ದು ಚಾಪೆ ಹಾಸಿದ. "ಬನ್ನಿ ಅಯ್ಯನವರೇ." ಅವಳು ಒಳಬಾಗಿಲ ಹತ್ತಿರ ನಿಂತಿದ್ದಳು.

"ಎಲ್ಲಾ ನೆಟ್ಟಗಿದೆಯೇನಪ್ಪಾ?" ಅಂದೆ. "ಕೈ... ಹೇಗಿದೆ?"

ಇದಕ್ಕಿಂತ ದಡ್ಡತನದ ಪ್ರಶ್ನೆಯನ್ನು ಯಾರಾದರೂ ಕೇಳಿದ್ದುಂಟೇ! ಅವನು ಒಂದು ಗಳಿಗೆ ಹೆಂಡತಿಯ ಕಡೆ ನೋಡಿದ. ಆಮೇಲೆ ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿ, ಅಂಗೈಯನ್ನೇ ನೋಡುತ್ತಾ ಹೇಳಿದ, "ಇದು ತೂಕ ಹಿಡಿಯೋ ಕೈ ಅಯ್ಯನವರೇ. ಇಷ್ಟು ದಿನ ಮನೇಲಿ ಇದರ ಮುಳ್ಳು ಒಂದೇ ಕಡೆ ವಾಲಿತ್ತು."

ಸುಮ್ಮನಾದ. ಎಷ್ಟು ಹೊತ್ತು ಇರಬೇಕೋ ಅಷ್ಟೇ ಹೊತ್ತು. ಒಳಗೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

"ಅವತ್ತು ನಡುವಿಗೆ ಬಂತು."

ನನ್ನ ಕಣ್ಣಲ್ಲಿ ನೀರು ಬಂತು. ನಾನು ಬರೆದ ಮಾತು, ನಾನು ಕಲಿಸಿದ ನಿಲುಗಡೆ, ಅದನ್ನು ಅವನು ನನಗೇ ತಿರುಗಿ ಕೊಟ್ಟ, ನಾನು ಕರಗಿಹೋದೆ. ತಾನೇ ಮಾಡಿದ ಬೊಂಬೆಗೆ ತಾನೇ ಹೆದರುವವನನ್ನು ನೋಡಿ ನಗುತ್ತೇವಲ್ಲ, ನಾನು ಅವನಿಗಿಂತ ಕಡೆ. ಒಳಬಾಗಿಲಲ್ಲಿ ಅವಳು ಇಲ್ಲ ಇಲ್ಲ ಅಂತ ತಲೆಯಾಡಿಸುತ್ತಿದ್ದಳು. ಕಂಡೆ. ಕಂಡೂ ಅವನ ಬೆನ್ನು ತಟ್ಟಿ ಎದ್ದುಬಂದೆ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು.

ಮೂರನೆಯ ಸಂತೆ ಬಂತು, ಹೋಯಿತು. ಅಜ್ಜಿ ಅಂಗಿ ಒಯ್ದಳು. ಒಯ್ಯುವಾಗ ಆ ಉದ್ದನೆಯ ದಾರವನ್ನು ನೋಡಿ, "ಯಾರಪ್ಪಾ ಇದು ಇಷ್ಟು ಸೋಮಾರಿ ಹೊಲಿಗೆ ಹಾಕಿದ್ದು?" ಅಂದಳು.

ನಾನು ಎದ್ದುಬಂದ ಮೇಲೆ ಆ ಮನೆಯಲ್ಲಿ ಏನು ನಡೆಯಿತು ಅಂತ ನಾನು ನೋಡಿಲ್ಲ. ಆದರೆ ಅವಳು ನನ್ನ ಹತ್ತಿರ ಬಂದಿದ್ದಳು ಅನ್ನುವುದು ನನ್ನ ಪ್ರಶ್ನೆಯಿಂದಲೇ ಅವನಿಗೆ ತಿಳಿಯಿತು. ಅಷ್ಟು ತಿಳಿಯದವನೇನಲ್ಲ ಅವನು.

ನಾಲ್ಕನೆಯ ಸಂತೆಗೆ ಗಾಡಿ ತುಂಬ ಹೊಸ ಮಡಕೆ ಬಂತು. ಹೆಂಗಸರು ಬಾವಿಕಟ್ಟೆಯಲ್ಲಿ ಸಾಲು ಹಿಡಿದರು. ಅವಳು ಎಂದಿನಂತೆ ಕೂತಿದ್ದಳು. ಮೊದಲ ಮಡಕೆಯನ್ನು ಮೂರು ಸಲ ಕುಟ್ಟಿದಳು. ಬಲಗಿವಿ ಕೊಟ್ಟಳು. ಮತ್ತೆ ಮೂರು ಸಲ ಕುಟ್ಟಿದಳು, ಈ ಸಲ ಗಟ್ಟಿಯಾಗಿ. ಆಮೇಲೆ ತಲೆಯೆತ್ತಿ ಮಡಕೆ ತಂದವಳ ಮುಖವನ್ನೇ ನೋಡಿದಳು, ಅಲ್ಲೇನಾದರೂ ಗೊತ್ತಾಗುತ್ತದೋ ಅನ್ನುವ ಹಾಗೆ.

"ಚೆನ್ನಾಗಿದೆ, ತಗೊಂಡು ಹೋಗಿ" ಅಂದಳು. ಅವಳ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಎರಡನೆಯದು. ಚೆನ್ನಾಗಿದೆ, ತಗೊಂಡು ಹೋಗಿ. ಮೂರನೆಯದು. ಚೆನ್ನಾಗಿದೆ, ತಗೊಂಡು ಹೋಗಿ. ಒಂದನ್ನೂ ಪಕ್ಕಕ್ಕೆ ತಳ್ಳಲಿಲ್ಲ. ನಾನು ಅಲ್ಲೇ ಬಾಳೆಹಣ್ಣಿನ ಅಂಗಡಿಯ ಹತ್ತಿರ ನಿಂತಿದ್ದೆ. ಅವಳ ಹಿಂದೆ ಒಬ್ಬಳು ಹಿತ್ತಾಳೆ ಕೊಡ ಬೀಳಿಸಿದಳು. ಊರೆಲ್ಲ ಬೆಚ್ಚಿ ತಿರುಗಿತು. ಅವಳು ತಿರುಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಒದ್ದೆ. ನೀರು ಹೊತ್ತವರ ಬೆನ್ನು, ಸೀರೆ, ಕಾಲು, ಎಲ್ಲ ಒದ್ದೆ. ಸೋರುವ ಮಡಕೆಗಳನ್ನು ಹಿಡಿದು ಹೆಂಗಸರು ವಾಪಸು ಬಂದರು. "ಏನೇ ಇದು, ಬಿರುಕು ಬಿಟ್ಟದ್ದನ್ನ ಚೆನ್ನಾಗಿದೆ ಅಂತ ಹೇಳಿ ಕಳಿಸ್ತೀಯಾ? ಕಣ್ಣು ಮುಚ್ಚಿ ಸುಳ್ಳು ಹೇಳ್ತೀಯಾ?" ಅವಳು ಅವರ ಬಾಯಿ ಆಡುವುದನ್ನು ನೋಡುತ್ತಾ ಕೂತಿದ್ದಳು. ಯಾಕೆ ಹೀಗೆ ಅಂತ ಕೇಳಬೇಕಾದವರಿಗೆಲ್ಲ ಕಾರಣ ಗೊತ್ತಿತ್ತು. ಗೊತ್ತಿದ್ದರೂ ಆಡುವಂತಿಲ್ಲ. ಆ ಕಾರಣಕ್ಕೆ ಏಳನೆಯ ತೇಪೆ ಬಿದ್ದು ನಾಲ್ಕು ಸಂತೆಯಾಗಿತ್ತು.

ಅಂಗಿಯಜ್ಜಿ ಪೆಟ್ಟಿಗೆ ಹೊರಿಸಿಕೊಂಡು ಬಂದಳು. ಏಳೂ ಹರಕು ಬಾಯಿ ತೆರೆದಿದ್ದ ಅಂಗಿಯನ್ನು ತೆಗೆದು, ಮಡಕೆ ನೋಡುವವಳ ಹೆಗಲ ಮೇಲೆ ಹಾಕಿ, ನನ್ನ ಕಡೆ ತಿರುಗಿದಳು. "ಸುಳ್ಳು ಹೇಳುವ ಕುಂದು. ಬರೆಯಪ್ಪಾ."

ಪಕ್ಕದಲ್ಲಿ ತಕ್ಕಡಿಯವನು ನಿಂತಿದ್ದ. ತಲೆ ತಗ್ಗಿಸಿದ್ದ, ನೊಂದವನ ಹಾಗೆ. ಹೆಂಡತಿಯ ಅಂಗಿಗೆ ತೇಪೆ ಹಾಕಲು ಅವನೇ ಮುಂದೆ ಬರುತ್ತಾನೆ ಅಂತ ನನಗೆ ಆಗಲೇ ಕಂಡಿತು. ಹಾಳಾಗಿ ಹೋಗಲಿ ನನ್ನ ತಲೆ, ಅದು ಆಗಲೂ ಮೊದಲ ದೃಶ್ಯ ಯಾವುದಿರಬಹುದು ಅಂತ ಹುಡುಕತೊಡಗಿತ್ತು! ಅದು ಗೊತ್ತಾದದ್ದೇ ತಡೆಯಲಾಗಲಿಲ್ಲ. ಆಗ ಕೂಗಿದೆ.

"ಅವಳು ಸುಳ್ಳು ಹೇಳ್ತಿಲ್ಲ! ಅವಳಿಗೆ ಕೇಳಿಸೋದಿಲ್ಲ! ಇವನು ಬದಲಾಗಲೇ ಇಲ್ಲ, ಇನ್ನೊಂದು ಕಿವೀನೂ ಒಡೆದಿದ್ದಾನೆ. ಆಟ ಬರೆದವನು ನಾನು, ನಾನು ಹೇಳ್ತೀನಿ, ಆಟ ಸುಳ್ಳು!"

ಅಜ್ಜಿ ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಬೇಸರವಿತ್ತು.

"ಮೂರು ಸಂತೆ ನಿನ್ನ ಮನೇಲಿ ಗೂಟಕ್ಕೆ ನೇತಾಡ್ತಿತ್ತಲ್ಲಪ್ಪಾ" ಅಂದಳು. "ಆಗ ಎಳೆದಿದ್ರೆ ಅದು ಅಧಿಕಾರ. ಈಗ ಆಡಿದ್ದು ಬರೀ ಬಾಯಿ."

ಮಡಕೆ ನೋಡುವವಳ ಹೆಗಲಿನಿಂದ ಅಂಗಿ ತೆಗೆದು ನನ್ನ ಮೇಲೆ ಹಾಕಿದರು. ಹೆಗಲು ಹಗುರಾದದ್ದು ತಿಳಿದು ಅವಳು ತಿರುಗಿ ನೋಡಿದಳು. ನನ್ನನ್ನು, ಅಂಗಿಯನ್ನು, ಜನರ ಮುಖಗಳನ್ನು ನೋಡಿದಳು. ನಾನು ಏನಂದೆ ಅನ್ನುವುದು ಅವಳೊಬ್ಬಳಿಗೇ ಗೊತ್ತಾಗಿರಲಿಲ್ಲ. ಕೈ ಆಡಿಸಿ ಏನು, ಏನಾಯಿತು ಅಂತ ಕೇಳಿದಳು. ಯಾರೂ ಹೇಳಲಿಲ್ಲ, ಹೇಳಿದರೆ ಅದೂ ಕುಂದೇ. ಕೊನೆಗೆ ತಕ್ಕಡಿಯವನೇ ಮುಂದೆ ಬಂದ. ಅವಳ ಹೆಗಲ ಮೇಲೆ ಕೈ ಇಟ್ಟು, ನನ್ನ ಕಡೆ ತೋರಿಸಿ, ತನ್ನ ತಲೆಯ ಪಕ್ಕ ಬೆರಳು ತಿರುಗಿಸಿದ. ಪಾಪ, ಮುದುಕನಿಗೆ ತಲೆ ಕೆಟ್ಟಿದೆ ಅಂತ. ಆಮೇಲೆ ಮೆಲ್ಲಗೆ ಅವಳ ಬೆನ್ನು ಸವರಿ ಮನೆಗೆ ಕರೆದುಕೊಂಡು ಹೋದ. ಜನರ ಕಣ್ಣು ತುಂಬಿ ಬಂತು.

ಅವಳಿಗೆ ಕೇಳಿಸುವಾಗ ನಾನು ಹೇಳಲಿಲ್ಲ ಸ್ವಾಮಿ. ನನಗೆ ಇರುವ ಸಂಕಟ ಅದೊಂದೇ. ಉಳಿದದ್ದೆಲ್ಲ ಬರೀ ಕಥೆ.

ಆರು ಸಂತೆ ಕಳೆಯಿತು. ಶಿಷ್ಯ ನನ್ನ ಆಟ ಬರೆದಿದ್ದಾನೆ. ಬದಲಾದವರನ್ನು ಕಂಡರೆ ಆಗದ ಹೊಟ್ಟೆಕಿಚ್ಚು, ಅದು ನನ್ನ ಕುಂದು ಅಂತ ಇಟ್ಟಿದ್ದಾನೆ. ಮೊದಲ ದೃಶ್ಯದಲ್ಲಿ ಲೇಖನಿಯ ಮೇಲೆ ಕೂತ ಇರುವೆಯನ್ನು ನಾನು ಊದಿ ಕಳಿಸುತ್ತೇನೆ. ಮೂರರಲ್ಲಿ ಅಮ್ಮ ಸಾಯುತ್ತಾಳೆ. ಎಲ್ಲ ನಾನು ಕಲಿಸಿದ್ದೇ. ನಾಳೆ ಏಳನೆಯದು. ನಾನು ತಕ್ಕಡಿಯವನ ಮುಂದೆ ಮಂಡಿಯೂರಿ "ಸುಳ್ಳಾಡಿದೆ" ಅನ್ನಬೇಕು, ಅವನು ಸೂಜಿ ಹಿಡಿದು ನನ್ನ ಎದೆಯ ಮೇಲಿನ ಹರಕನ್ನು ಹೊಲಿಯಬೇಕು. ನೊಂದವನು ಅವನಲ್ಲವೇ. ಅವನ ಕೈ ನಡುಗುವುದಿಲ್ಲ, ಅದು ನನಗೆ ಗೊತ್ತು.

ಈಗ ಊರಿನಲ್ಲಿ ಮಡಕೆ ನೋಡುವವರಿಲ್ಲ. ಸಿಕ್ಕಿದ್ದನ್ನು ಕೊಳ್ಳುತ್ತಾರೆ, ಸೋರಿದರೆ ಸೋರುತ್ತದೆ, ಬೀದಿ ಒದ್ದೆಯಾಗುತ್ತದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಮಕ್ಕಳು ಜಾರಿ ಬೀಳುತ್ತಾರೆ, ಏಳುತ್ತಾರೆ.

ಇವತ್ತು ಬೆಳಿಗ್ಗೆ, ನೀವು ಬರುವುದಕ್ಕೆ ಮುಂಚೆ, ಅವಳು ಬಂದಿದ್ದಳು. ಒಬ್ಬಳೇ. ನೀವು ಆಗ ನಿಂತಿದ್ದಿರಲ್ಲ, ಅಲ್ಲೇ ನನ್ನ ಎದುರಿಗೆ ನಿಂತಳು. ನಾನು ಕೈ ಜೋಡಿಸಿದೆ. ಏನೇನೋ ಹೇಳಿದೆ, ತಾಯಿ ಅಂದೆ, ಎಳೆಯಬೇಕಿತ್ತು ಅಂದೆ, ದಾರ ಕಂಡಿತ್ತು ಅಂದೆ. ಅವಳಿಗೆ ಯಾವುದೂ ಕೇಳಿಸಲಿಲ್ಲ. ಮುಂದೆ ಬಾಗಿ, ಬೆರಳ ಗೆಣ್ಣಿನಿಂದ ನನ್ನ ಎದೆಯನ್ನು, ಇಲ್ಲಿ, ಈ ಹರಕಿನೊಳಗೆ, ಮೂರು ಸಲ ಕುಟ್ಟಿದಳು. ಆಮೇಲೆ ಅಂಗೈಯನ್ನು ಅಲ್ಲೇ ಒತ್ತಿ ಹಿಡಿದು ಸ್ವಲ್ಪ ಹೊತ್ತು ನಿಂತಳು.

"ಚೆನ್ನಾಗಿದೆ, ತಗೊಂಡು ಹೋಗಿ" ಅಂದಳು. ಯಾರಿಗೆ ಹೇಳಿದಳೋ, ಅಲ್ಲಿ ಬೇರೆ ಯಾರೂ ಇರಲಿಲ್ಲ. ಸೆರಗು ಹೊದ್ದು ಹೊರಟುಹೋದಳು.

ನಾನು ಬಹಳ ಹೊತ್ತು ಅತ್ತೆ. ಅಳು ನಿಂತ ಮೇಲೆ ಶಿಷ್ಯ ಬರೆದ ಏಳನೆಯ ದೃಶ್ಯದ ಹಾಳೆಯನ್ನು ಜೇಬಿನಿಂದ ತೆಗೆದು ಇನ್ನೊಮ್ಮೆ ಓದಿದೆ. ಪರವಾಗಿಲ್ಲ, ಆದರೆ ಕೊನೆ ಸಪ್ಪೆ. ಸೂಜಿ ಇಳಿಯುವ ಮುಂಚೆ ಏನೋ ಒಂದು ಬೇಕು, ಚಿಕ್ಕದು. ಶಿಷ್ಯನನ್ನು ಕರೆಸಿ ಸೇರಿಸಲು ಹೇಳಿದ್ದೇನೆ. ಅಗೋ, ಆ ಮೂಲೆಯಲ್ಲಿ ಕೂತು ಬರೆಯುತ್ತಿದ್ದಾನೆ ನೋಡಿ. ಮಡಕೆ ನೋಡುವವಳು ಜನರ ನಡುವಿನಿಂದ ಬರುತ್ತಾಳೆ, ನನ್ನ ಎದೆಯನ್ನು ಮೂರು ಸಲ ಕುಟ್ಟುತ್ತಾಳೆ, ಅಂಗೈ ಇಟ್ಟು ನಿಲ್ಲುತ್ತಾಳೆ.

"ಅವಳಿಗೆ ಏನು ಮಾತು ಕೊಡಲಿ ಗುರುಗಳೇ?" ಅಂತ ಕೇಳಿದ.

ಮಾತು ಬೇಡ ಅಂದೆ. ಅವಳು ಸುಮ್ಮನೆ ನಿಂತರೇ ಜನ ಅಳುತ್ತಾರೆ.